ಗೇಟಿಗೆ ಹುಟ್ಟಿದ ವೆಲ್ಡಿಂಗ್ ಸೆಟ್ಟು

ನಾನು ಒಂದು ವೆಲ್ಡಿಂಗ್ ಸೆಟ್ಟು. ಹಸಿರು ಬಣ್ಣದ ಡಬ್ಬಿ, ಕೆಳಗೆ ನಾಲ್ಕು ಗಾಲಿ, ಮೇಲೆ ಕರೆಂಟು ಹೆಚ್ಚು ಕಡಿಮೆ ಮಾಡಲು ಒಂದು ತಿರುಗುಹಿಡಿ, ಹೊಟ್ಟೆಯೊಳಗೆ ತಾಮ್ರದ ಸುರುಳಿ. ಇಬ್ಬರು ಸೇರದೆ ನನ್ನನ್ನು ಎತ್ತಲಾಗದು.

ನಾನು ಹುಟ್ಟಿದ್ದು ಪೀಣ್ಯದ ಒಂದು ತಗಡಿನ ಶೆಡ್ಡಿನಲ್ಲಿ. ನನ್ನ ತಾಮ್ರವನ್ನು ಸುತ್ತಿದವರು ಸಾವಂತ್ರಮ್ಮ ಎಂಬ ಹೆಂಗಸು. ಸುತ್ತಿನ ಎಣಿಕೆ ತಪ್ಪಬಾರದೆಂದು ಅವರು ಷಟ್ಪದಿ ಹೇಳಿಕೊಳ್ಳುತ್ತಿದ್ದರು. ಒಂದು ಸಾಲಿಗೆ ನಾಲ್ಕು ಸುತ್ತು, ಪದ್ಯ ಮುಗಿದರೆ ಒಂದು ಪದರ. ಸೂಪರ್‌ವೈಸರು ಮಾತಾಡಿಸಿದರೆ ಬೆರಳು ತೋರಿಸಿ ಸುಮ್ಮನಿರಲು ಹೇಳಿ, ಪದ್ಯ ಮುಗಿಸಿಯೇ ಉತ್ತರ ಕೊಡುತ್ತಿದ್ದರು. ನನ್ನ ಕಿವಿ ತೆರೆದದ್ದು ಆ ದನಿಗೆ. ಅಂದಿನಿಂದ ನಾನು ಕೇಳುತ್ತಲೇ ಬಂದಿದ್ದೇನೆ. ಮರುಮಾತು ಮಾತ್ರ ಬಾರದು. ಕರೆಂಟು ಕೊಟ್ಟರೆ ‘ಗುಂ’ ಎನ್ನುವುದೊಂದೇ ನನ್ನ ವಿದ್ಯೆ.

ಮೊದಲು ನಾನು ಸೇರಿದ್ದು ತಿಪಟೂರಿನ ಲಿಂಗಾಚಾರ್ ಅವರ ಗೇಟು-ಗ್ರಿಲ್ಲಿನ ಅಂಗಡಿಗೆ. ಹನ್ನೆರಡು ವರ್ಷ ಅಲ್ಲಿ ದುಡಿದೆ. ಕೊಬ್ಬರಿ ಮಂಡಿಯ ಗೇಟು, ಕಲ್ಯಾಣ ಮಂಟಪದ ಗ್ರಿಲ್ಲು, ನೀರಿನ ಟ್ಯಾಂಕಿನ ಏಣಿ, ಇವೆಲ್ಲ ನನ್ನ ಬೆಂಕಿಯಲ್ಲಿ ಬೆಸೆದುಕೊಂಡವು. ದಪ್ಪ ಕಬ್ಬಿಣ ಎಂದರೆ ನನಗೆ ಸಲೀಸು. ಅದು ನನ್ನ ಶಾಖವನ್ನು ತಾಳಿಕೊಳ್ಳುತ್ತದೆ, ನಿಧಾನವಾಗಿ ಕರಗುತ್ತದೆ, ಒಂದಾಗುತ್ತದೆ. ತೆಳು ತಗಡಿನ ಕಥೆಯೇ ಬೇರೆ. ಒಮ್ಮೆ ಯಾರೋ ಎಣ್ಣೆ ಡಬ್ಬದ ಬಾಯಿ ಬೆಸೆಯಲು ತಂದಿದ್ದರು. ನನ್ನ ಕಿಡಿ ತಾಗಿದ್ದೇ ತಡ, ಅಲ್ಲಿ ಡಬ್ಬವೇ ಇಲ್ಲ, ಬರಿ ತೂತು.

ಆಚಾರ್ ಅವರು ಕೈಯಲ್ಲಿ ಹಿಡಿದು ಓಡಾಡುವ ಹಗುರವಾದ ಹೊಸ ಮೆಶೀನು ತಂದ ಮೇಲೆ ನಾನು ಅಂಗಡಿಯ ಮೂಲೆ ಸೇರಿದೆ. ಅಲ್ಲಿಗೆ ಒಂದು ಶುಕ್ರವಾರ ಮಧ್ಯಾಹ್ನ ಬಂದವರು ಕೇಶವಮೂರ್ತಿಗಳು. ಅಂಚೆ ಕಚೇರಿಯಿಂದ ನಿವೃತ್ತರಾದವರು. ಹಣೆಗೆ ಗಂಧ, ಜೇಬಿನಲ್ಲಿ ಅಳತೆ ಟೇಪು. ರೇಡಿಯೋದಿಂದ ಹಿಡಿದು ಹೊಲಿಗೆ ಯಂತ್ರದವರೆಗೆ ಮನೆಯ ಎಲ್ಲವನ್ನೂ ತಾವೇ ಬಿಚ್ಚಿ ತಾವೇ ಜೋಡಿಸುವ ಜನ.

ಅವರ ಸಂಕಟ ನನಗೆ ತಿಳಿದದ್ದು ಅವರು ಆಚಾರ್ ಮುಂದೆ ಕೂತು ಹೇಳಿಕೊಂಡಾಗ. ಒಬ್ಬಳೇ ಮಗಳು ಶಾಂಭವಿ. ಚಿಕ್ಕಂದಿನ ಜ್ವರದಲ್ಲಿ ಎರಡೂ ಕಾಲು ಹೋದವು. ಗಾಲಿಕುರ್ಚಿಯಲ್ಲೇ ಓದಿದಳು, ಟೀಚರ್ ಪರೀಕ್ಷೆ ಪಾಸಾದಳು. ಈಗ ಹದಿನೆಂಟು ಕಿಲೋಮೀಟರು ದೂರದ ಹಳ್ಳಿಯ ಶಾಲೆಗೆ ಆದೇಶ ಬಂದಿದೆ. ಸೋಮವಾರ ಹಾಜರಾಗಬೇಕು. ಅವಳಿಗಾಗಿಯೇ ಇಟ್ಟುಕೊಂಡ ಹಳೆಯ ವ್ಯಾನಿದೆ. ಅದರ ಬಾಗಿಲ ಕೆಳಗಿನ ಅಂಚಿಗೆ ಎರಡು ಕೊಕ್ಕೆ. ಆ ಕೊಕ್ಕೆಗೆ ಮರದ ಹಲಗೆ ಸಿಕ್ಕಿಸಿದರೆ ಅವಳು ತಾನೇ ಕುರ್ಚಿ ಉರುಳಿಸಿಕೊಂಡು ಇಳಿಯುತ್ತಾಳೆ. ಅದೇ ಹಲಗೆಯನ್ನು ಶಾಲೆಯ ಮೆಟ್ಟಿಲಿಗೆ ಹಾಕಿದರೆ ತಾನೇ ಹತ್ತುತ್ತಾಳೆ. ಬುಧವಾರ ಆ ಅಂಚು ತುಕ್ಕು ಹಿಡಿದು ಕೊಕ್ಕೆಗಳ ಸಮೇತ ಕಳಚಿ ಬಿತ್ತು. ಟಿಂಕರಿಂಗ್ ಅಂಗಡಿಯವನು ಹದಿನೈದು ದಿನ ಕೇಳುತ್ತಾನೆ. ಅದಕ್ಕೇ ತಾವೇ ಬೆಸೆಯುತ್ತೇವೆಂದು ಮೂಲೆಯಲ್ಲಿದ್ದ ನನ್ನನ್ನು ಕೇಳಿದರು.

ಆಚಾರ್ ನೇರ ಮನುಷ್ಯ. ಮುಚ್ಚಿಡದೆ ಹೇಳಿದರು: “ಸಾರ್, ಈ ಸೆಟ್ಟು ಗೇಟಿಗೆ ಹುಟ್ಟಿರೋದು. ವ್ಯಾನಿನ ತಗಡು ಹಪ್ಪಳ ಇದ್ದಂಗೆ. ಅದಕ್ಕೆ ತಂತಿ ಬರೋ ಸಣ್ಣ ಸಿಓಟೂ ಸೆಟ್ಟು ಬೇಕು. ಹಾರ್ಡ್‌ವೇರ್ ಅಂಗಡೀಲಿ ಹೇಳಿದ್ರೆ ನಾಳೆ ಬೆಳಿಗ್ಗೆ ಲಾರೀಲಿ ಬರುತ್ತೆ.”

“ನಾಳೆ ಶನಿವಾರ,” ಎಂದರು ಕೇಶವಮೂರ್ತಿ.

ಆಚಾರ್ ಅವರಿಗೆ ಮುಂದೆ ಮಾತು ಬೇಕಾಗಲಿಲ್ಲ. ಶನಿವಾರ ಕಬ್ಬಿಣ ಕೊಂಡು ಮನೆಗೆ ಒಯ್ಯಬಾರದು ಎಂಬುದು ಅವರ ಅಂಗಡಿಯ ಗಿರಾಕಿಗಳೂ ಪಾಲಿಸುತ್ತಿದ್ದ ಮಾತು. ಆದರೆ ಕೇಶವಮೂರ್ತಿಗಳಿಗೆ ಅದು ಬರಿಯ ಮಾತಾಗಿರಲಿಲ್ಲ. ಶಾಂಭವಿ ಹುಟ್ಟಿದ ವರ್ಷ ತೊಟ್ಟಿಲ ಸರಪಳಿಯನ್ನು ಅವರು ತಂದದ್ದು ಶನಿವಾರ. ಬೇರೆ ದಿನ ರಜೆ ಇರಲಿಲ್ಲ, ತಂದುಬಿಟ್ಟರು. ಅದೇ ವರ್ಷ ಜ್ವರ ಬಂತು. ವೈದ್ಯರು ಏನೇ ಹೇಳಲಿ, ಆ ಸರಪಳಿ ಅವರ ಎದೆಯೊಳಗೆ ಇನ್ನೂ ತೂಗುತ್ತಲೇ ಇತ್ತು. ಭಾನುವಾರ ಹಾರ್ಡ್‌ವೇರ್ ಅಂಗಡಿ ಮುಚ್ಚಿರುತ್ತದೆ. ಸೋಮವಾರ ಕೆಲಸ. ಉಳಿದದ್ದು ಶುಕ್ರವಾರ ಸಂಜೆ, ಮತ್ತು ನಾನು.

‘ನಾನಲ್ಲ ಸ್ವಾಮಿ’ ಎಂದು ಹೇಳಬೇಕೆನಿಸಿತು. ಆದರೆ ನನಗೆ ಪ್ಲಗ್ಗು ಸಿಕ್ಕಿಸಿರಲಿಲ್ಲ. ಸಿಕ್ಕಿಸಿದ್ದರೂ ‘ಗುಂ’ ಎನ್ನುತ್ತಿದ್ದೆ, ಅಷ್ಟೆ. ಆಚಾರ್ ಬೆಸುಗೆಯ ತೆಳು ರಾಡಿನ ಒಂದು ಕಟ್ಟು ಕೊಟ್ಟು, ಕರೆಂಟು ತೀರ ಕಡಿಮೆ ಇಡಿ, ಚುಕ್ಕಿ ಇಟ್ಟ ಹಾಗೆ ಇಡುತ್ತ ಹೋಗಿ, ಒಂದೇ ಕಡೆ ನಿಲ್ಲಬೇಡಿ ಎಂದು ಮೂರು ಸಲ ಹೇಳಿದರು. ಸೂರ್ಯ ಮುಳುಗುವ ಮೊದಲೇ ಕೇಶವಮೂರ್ತಿ ದುಡ್ಡು ಕೊಟ್ಟು, ಆಪೆ ಆಟೋದಲ್ಲಿ ನನ್ನನ್ನು ಮನೆಗೆ ಸಾಗಿಸಿದರು.

ಮನೆಯಲ್ಲಿ ಹೆಂಡತಿ ಪದ್ಮಾವತಮ್ಮ ನನಗೆ ಕುಂಕುಮವಿಟ್ಟು, ಗಾಲಿಗೆ ನಿಂಬೆಹಣ್ಣು ಇಟ್ಟರು. ಶಾಂಭವಿ ಕುರ್ಚಿ ಉರುಳಿಸಿಕೊಂಡು ಬಂದು ನನ್ನನ್ನು ಸುತ್ತಿ ನೋಡಿದಳು. ಅವಳ ಕಣ್ಣು ನನ್ನ ಹಿಡಿಯ ಎತ್ತರಕ್ಕೇ ಇತ್ತು. ನನ್ನನ್ನು ಮೇಲಿನಿಂದ ಬಗ್ಗಿ ನೋಡದ ಮೊದಲ ವ್ಯಕ್ತಿ ಅವಳು.

“ಆಚಾರ್ರು ಬೇರೆ ಮೆಶೀನ್ ಹೇಳಿದ್ರಂತಲ್ಲ ಅಪ್ಪ?”

“ಅದು ಶನಿವಾರ ಬರ್ತಿತ್ತು ಕಣಮ್ಮ.”

“ಶನಿದೇವರೂ ಲಾರಿ ಟೈಮು ನೋಡ್ಕೊಂಡೇ ಕೂತಿರ್ತಾನಾ?” ಎಂದು ನಕ್ಕಳು. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: “ನನಗೆ ಬೇರೇನೂ ಬೇಡ ಅಪ್ಪ. ಮೊದಲನೇ ದಿನ ಮಕ್ಕಳೆದುರಿಗೆ ಯಾರೂ ನನ್ನ ಎತ್ತಬಾರದು. ಒಂದು ಸಲ ಎತ್ತಿದ್ದು ನೋಡಿದ್ರೆ ಆಮೇಲೆ ಟೀಚರ್ ಅಂತ ನೋಡಲ್ಲ.”

ಶನಿವಾರ ಕೇಶವಮೂರ್ತಿ ನನ್ನನ್ನು ಮುಟ್ಟಲಿಲ್ಲ. ಸಂಜೆ ಜಗಲಿಯಲ್ಲಿ ಕೂತು ಎಂದಿನಂತೆ ಪದ್ಯ ವಾಚನ ಮಾಡಿದರು. ಪಕ್ಕದ ಮನೆಯ ಇಬ್ಬರು ಮುದುಕರು ತಲೆದೂಗಿದರು. ನಾನೂ ಕೇಳಿದೆ. ಶರಣು ಹೊಕ್ಕವರನ್ನು ದೇವರು ಕೈಬಿಡುವುದಿಲ್ಲ ಎಂಬ ಕಡೆಗೆ ಬಂದಾಗ ಅವರ ದನಿ ಸ್ವಲ್ಪ ನಡುಗಿತು. ಮುದುಕರು ಅದನ್ನು ರಾಗವೆಂದುಕೊಂಡರು.

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ವ್ಯಾನಿನ ಕೊಳೆತ ಅಂಚನ್ನು ಕತ್ತರಿಸಿ, ಹೊಸ ತಗಡಿನ ಪಟ್ಟಿ ಇಟ್ಟು, ಕೇಶವಮೂರ್ತಿ ಮುಖಕ್ಕೆ ಕಪ್ಪು ಗಾಜಿನ ಗುರಾಣಿ ಹಿಡಿದರು. ನಾನು ‘ಗುಂ’ ಎಂದೆ. ಎದುರು ಮನೆಯ ಮಿಕ್ಸಿ ದನಿ ಇಳಿಸಿತು.

ಮೊದಲ ಚುಕ್ಕಿ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದಕ್ಕೆ ತೂತು ಬಿತ್ತು. ತೂತು ಮುಚ್ಚಲು ಇಟ್ಟ ಚುಕ್ಕಿ ತೂತನ್ನು ರೂಪಾಯಿಯಗಲ ಮಾಡಿತು. ಅವರು ಕರೆಂಟು ಇಳಿಸಿದರು. ರಾಡು ತಗಡಿಗೆ ಅಂಟಿಕೊಂಡಿತು. ಕಿತ್ತರೆ ತಗಡೂ ಜೊತೆಗೇ ಬಂತು. ಏರಿಸಿದರು, ಕರಗಿ ಹೋಯಿತು. ನಾನೆಷ್ಟು ಬಿಗಿಹಿಡಿದರೂ ನನ್ನ ಬೆಂಕಿ ನನ್ನ ಮಾತು ಕೇಳಲಿಲ್ಲ. ಗೇಟನ್ನು ಕಟ್ಟಿದ ಅದೇ ಬಲ ಇಲ್ಲಿ ಸುಡುತ್ತಲೇ ಹೋಯಿತು. ಸಾಕು ಎನ್ನಲು ನನಗೆ ಬಾಯಿಲ್ಲ, ಸಾಕು ಎನ್ನಲು ಅವರಿಗೆ ಸೋಮವಾರ ಬಿಡಲಿಲ್ಲ.

ಅಂಚಿನ ಒಳಗಡೆ, ನೆಲಹಾಸಿನ ಕೆಳಗೆ, ಶಬ್ದ ತಡೆಯಲು ಹಾಕಿದ್ದ ದಪ್ಪ ಬಟ್ಟೆಯಿತ್ತು. ಅದನ್ನು ಕೀಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೊದಲು ಸಣ್ಣ ಹೊಗೆ. ಅದು ಗುರಾಣಿಯ ಹಿಂದಿದ್ದ ಅವರಿಗೆ ಕಾಣಲಿಲ್ಲ. ಜಗಲಿಯ ಮೇಲಿದ್ದ ಶಾಂಭವಿಗೆ ಕಂಡಿತು.

“ಅಪ್ಪ, ಹೊಗೆ,” ಎಂದಳು. ಮತ್ತೆ ಕೂಗಿದಳು. ಅವರಿಗೆ ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದರೆ, ನಾನು ‘ಗುಂ’ ಎನ್ನುತ್ತಿದ್ದೆ. ಅವಳ ದನಿಯನ್ನು ಮುಚ್ಚಿದ್ದು ನಾನೇ. ಹುಟ್ಟಿದಾಗಿನಿಂದ ಕೇಳುವುದನ್ನೇ ವ್ರತ ಮಾಡಿಕೊಂಡ ನಾನು ಆ ಗಳಿಗೆಯಲ್ಲಿ ಕೇಳಗೊಡದೆ ನಿಂತೆ.

ಅವಳು ಕುರ್ಚಿ ಉರುಳಿಸಿಕೊಂಡು ಮೇನ್ ಸ್ವಿಚ್ಚಿನ ಬಳಿಗೆ ಹೋದಳು. ಅದು ಗೋಡೆಯ ಮೇಲೆ ಎತ್ತರದಲ್ಲಿತ್ತು. ಮೂಲೆಯಲ್ಲಿದ್ದ ಜೇಡರಬಲೆ ತೆಗೆಯುವ ಕೋಲು ಎಳೆದುಕೊಂಡು, ಎರಡು ಸಲ ತಪ್ಪಿ, ಮೂರನೆಯ ಸಲ ಸ್ವಿಚ್ಚು ಕೆಡವಿದಳು. ನಾನು ಸುಮ್ಮನಾದೆ. ಕೇಶವಮೂರ್ತಿ ಗುರಾಣಿ ಇಳಿಸಿದಾಗ ಬೆಂಕಿ ಒಳಗಿಟ್ಟಿದ್ದ ಹಲಗೆಗೆ ಹತ್ತಿತ್ತು. ಪದ್ಮಾವತಮ್ಮ ಬಚ್ಚಲ ಹಂಡೆಯ ನೀರನ್ನೇ ತಂದು ಸುರಿದರು. ವ್ಯಾನು ಉಳಿಯಿತು. ಹಲಗೆ ಇದ್ದಿಲಾಯಿತು. ತುಕ್ಕು ತಿಂದು ಒಂದು ಗೇಣಿದ್ದ ಅಂಚಿನ ತೂತು ಒಂದು ಮೊಳವಾಗಿತ್ತು.

ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಸೋಮವಾರ ಅವಳು ಆಟೋದಲ್ಲಿ ಹೋದಳು. ಸಂಜೆ ಬಂದಾಗ ಅಮ್ಮ ಕೇಳಿದ್ದಕ್ಕೆ ಮಕ್ಕಳು ಇಪ್ಪತ್ತಾರು, ಹೆಡ್ ಮೇಷ್ಟ್ರು ಒಳ್ಳೆಯವರು, ಬಿಸಿಯೂಟದ ಸಾರು ಖಾರ ಎಂದೆಲ್ಲ ಹೇಳಿದಳು. ಅಪ್ಪ ಒಳಗೆ ಬರಲಿಲ್ಲ. ಅವಳೇ ಜಗಲಿಗೆ ಬಂದು ಹೇಳಿದಳು.

“ಆಟೋದವರೂ ಅಡುಗೆಯವರ ಯಜಮಾನ್ರೂ ಸೇರಿ ಎತ್ತಿದ್ರು. ಮಕ್ಕಳು ಸಾಲಾಗಿ ನಿಂತಿದ್ವು. ಒಂದು ಹುಡುಗಿ ‘ಮಿಸ್ಸು ಭಾರ ಇದಾರಾ’ ಅಂತ ಕೇಳಿದ್ಲು.”

“ನೀನೇನಂದೆ?”

“ಭಾರನೇ ಅಂದೆ.”

ವ್ಯಾನು ಟಿಂಕರಿಂಗ್ ಅಂಗಡಿಗೆ ಹೋಯಿತು. ಯಾವ ಪುಣ್ಯಾತ್ಮ ಇದರಲ್ಲಿ ಗುಳಿಯಪ್ಪ ಹುಯ್ದದ್ದು ಎಂದು ಅವನು ಕೇಳಿದನಂತೆ. ತಂತಿಯ ಸಣ್ಣ ಸೆಟ್ಟಿನಲ್ಲಿ ಬೆಸೆದು, ಹದಿನೈದು ದಿನ ಎಂದವನು ತಿಂಗಳಿಗೆ ಕೊಟ್ಟ. ಹೊಸ ಕೊಕ್ಕೆ, ಹೊಸ ಹಲಗೆ ಬಂದವು. ಅವಳು ಮತ್ತೆ ವ್ಯಾನಿನಿಂದ ತಾನೇ ಇಳಿಯತೊಡಗಿದಳು. ಆದರೆ ಅಷ್ಟರಲ್ಲಿ ಮಳೆನೀರು ಬರದಂತೆ ಶಾಲೆಯ ಜಗಲಿಯನ್ನು ಎತ್ತರಿಸಿ, ಮೂರನೆಯ ಮೆಟ್ಟಿಲು ಕಟ್ಟಿದ್ದರು. ಹಲಗೆ ಸಾಲದಾಯಿತು. ಅಲ್ಲಿ ದಿನವೂ ಇಬ್ಬರು ಎತ್ತುತ್ತಿದ್ದರು.

ಆಗ ಕೇಶವಮೂರ್ತಿ ಮತ್ತೆ ನನ್ನ ಕಡೆ ನೋಡಿದರು. ದಪ್ಪ ಆಂಗಲ್ ಕಬ್ಬಿಣ, ಕಾಲು ಜಾರದ, ಅಷ್ಟೇ ಗಟ್ಟಿಯಾದ ಗೆರೆ ತಗಡು ತಂದರು. ಈ ಸಲ ಶಾಲೆಗೊಂದು ಇಳಿಜಾರು. ಅದು ನನ್ನ ಕೆಲಸ! ನಾಲ್ಕು ಭಾನುವಾರ ನಾವಿಬ್ಬರೂ ದುಡಿದೆವು. ಕಬ್ಬಿಣ ಕಬ್ಬಿಣವನ್ನು ಹಿಡಿಯಿತು. ಎಲ್ಲೂ ತೂತಿಲ್ಲ. ಬೆಸುಗೆಯ ಮೇಲಿನ ಕಪ್ಪು ಕಿಟ್ಟವನ್ನು ಅವರು ಸುತ್ತಿಗೆಯಿಂದ ತಟ್ಟಿ ಉದುರಿಸುವಾಗ ಗುನುಗಿದರು. ನನ್ನ ಬದುಕಿನಲ್ಲಿ ನನಗೆ ನಾನೇ ಒಪ್ಪಿಗೆಯಾದ ದಿನಗಳು ಅವು.

ಟೆಂಪೋದಲ್ಲಿ ಅದು ಶಾಲೆಗೆ ಹೋಯಿತು, ಸಿಮೆಂಟು ಹಾಕಿ ಕೂರಿಸಿದರು. ಮರುದಿನ ಸಂಜೆ ಅವಳು ಬಂದಳು.

“ಮೇಲಿನ ತುದೀಲಿ ಒಂದಿಂಚು ಎತ್ತರ ಉಳಿದಿದೆ ಅಪ್ಪ. ಜಗಲಿ ಅಂಚಿಗೆ ಕಲ್ಲು ಚಪ್ಪಡಿ ಇದೆಯಲ್ಲ, ಅದು ಗಾಲಿಗೆ ತಡೆಯುತ್ತೆ.” ಅಪ್ಪನ ಮುಖ ನೋಡಿ ಸೇರಿಸಿದಳು: “ಇಬ್ಬರು ಬೇಕಿತ್ತು. ಈಗ ಒಬ್ಬರು ತಳ್ಳಿದ್ರೆ ಸಾಕು.”

ಮೆಟ್ಟಿಲನ್ನು ಅಳೆದಿದ್ದರು, ಚಪ್ಪಡಿಯನ್ನು ಅಳೆದಿರಲಿಲ್ಲ. ಒಂದು ತುಂಡು ಗೆರೆ ತಗಡನ್ನು ಚಪ್ಪಡಿಯ ಮೇಲೆ ಬರುವಂತೆ ತುಟಿಯ ಹಾಗೆ ಬೆಸೆದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಅವರ ಕಣ್ಣು ಕೆಂಪೇರಿ ನೀರು ಸುರಿಯತೊಡಗಿತು. ಕಬ್ಬಿಣ ಹಿಡಿಯಲು ಜೊತೆಗೊಬ್ಬರಿಲ್ಲದೆ, ಒಂದು ಕೈಯಲ್ಲಿ ಅದನ್ನೇ ಒತ್ತಿಹಿಡಿದು, ಎಷ್ಟೋ ಚುಕ್ಕಿಗಳನ್ನು ಅವರು ಗುರಾಣಿಯಿಲ್ಲದೆ ಬರಿಗಣ್ಣಿನಲ್ಲೇ ಇಟ್ಟಿದ್ದರು. ಇನ್ನು ಆ ಬೆಳಕು ನೋಡಕೂಡದು ಎಂದು ಕಣ್ಣಿನ ಡಾಕ್ಟರು ಹೇಳಿದರು. ಆಚಾರ್ ಅವರಿಗೆ ಹೇಳಿ ಕಳಿಸಿದರು. ನಾಳೆ ಬರ್ತೀನಿ ಸಾರ್ ಎಂದರು, ನಾಡಿದ್ದು ಎಂದರು. ಅಷ್ಟು ಸಣ್ಣ ಕೆಲಸಕ್ಕೆ ಹದಿನೆಂಟು ಕಿಲೋಮೀಟರು ಹೋಗುವುದು ಯಾರಿಗೂ ಕೂಡಿಬರಲಿಲ್ಲ.

ಎರಡು ಮಳೆಗಾಲ ನಾನು ಗೋಣಿಚೀಲದ ಕೆಳಗೆ ಕೂತೆ. ಈಗ ಗುಜರಿ ಅಂಗಡಿಯ ಹಿತ್ತಲಲ್ಲಿದ್ದೇನೆ. ಎಡಕ್ಕೊಂದು ತುಕ್ಕಿನ ಬೀರು, ಬಲಕ್ಕೊಂದು ಪಂಪು. ಇವತ್ತೋ ನಾಳೆಯೋ ನನ್ನ ತಾಮ್ರ ಬಿಚ್ಚುತ್ತಾರೆ. ಅದಕ್ಕೆ ನನಗೆ ದುಃಖವಿಲ್ಲ; ಸುತ್ತಿದ್ದು ಬಿಚ್ಚಲೇಬೇಕು.

ಆದರೆ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನನಗೆ ಸಮಾಧಾನವಿರುವುದಿಲ್ಲ. ಆ ಹೊತ್ತಿಗೆ ಅವಳು ಇಳಿಜಾರು ಹತ್ತಿ, ತುದಿಯಲ್ಲಿ ಎರಡೂ ಗಾಲಿ ಬಿಗಿಹಿಡಿದು, ತಳ್ಳಲು ಯಾರಾದರೂ ಬರುತ್ತಾರೆಯೇ ಎಂದು ಅತ್ತಿತ್ತ ನೋಡುತ್ತಿರುತ್ತಾಳೆ. ನನ್ನ ಸುರುಳಿ ಇನ್ನೂ ಸುಟ್ಟಿಲ್ಲ. ಆ ಒಂದಿಂಚಿಗೆ ಎರಡು ರಾಡು, ಅರ್ಧ ಗಂಟೆ ಸಾಕು.