ಸ್ವಿಚ್ ಆಫ್ ಮಾಡಿದ ಸೆಟ್

ಹಾಡುಗಳ ಪಟ್ಟಿಯನ್ನು ಮೂರನೇ ಸಲ ತುದಿಯವರೆಗೆ ಒತ್ತಿಕೊಂಡು ಹೋದರೂ ಉಮ್ಮನ ದನಿ ಸಿಗಲಿಲ್ಲ. ಇದ್ದದ್ದೆಲ್ಲ ಸಿನಿಮಾ ಹಾಡು, ಅದೂ ಮದುವೆ ದಿಬ್ಬಣದಲ್ಲಿ ಹುಡುಗರು ಕುಣಿಯುವಂಥವು. ಸಜ್ನಾ ಮೊಬೈಲನ್ನು ಹಿಡಿದುಕೊಂಡೇ ಜಗಲಿಗೆ ಬಂದಳು. ಗಂಡನ ಅಣ್ಣ ಅಬ್ದುಲ್ ಹಕೀಂ ಅಲ್ಲಿ ಕೂತು ಚಾ ಕುಡಿಯುತ್ತಿದ್ದ.

"ಕಾಕ, ಇದರಲ್ಲಿ ನನ್ನ ಉಮ್ಮ ಹಾಡಿದ್ದೊಂದು ಇತ್ತು. ಈಗ ಕಾಣುವುದಿಲ್ಲ."

"ಯಾವುದು, ಆ ಕೊರಕೊರ ಅನ್ನುವುದಾ?" ಹಕೀಂ ತಲೆ ಎತ್ತಲಿಲ್ಲ. "ಜಾಗ ಸಾಲಲಿಲ್ಲ ಮಾರಾಯ್ತಿ. ಬಿ.ಸಿ.ರೋಡಿನಲ್ಲಿ ಉನೈಸನ ಮೊಬೈಲ್ ಅಂಗಡಿಗೆ ಕೊಟ್ಟು ಮೆಮೊರಿ ಕಾರ್ಡ್ ಪೂರಾ ಖಾಲಿ ಮಾಡಿಸಿ ಹೊಸ ಹಾಡು ಹಾಕಿಸಿದೆ. ಅದರಲ್ಲಿ ಹಾಡೆಲ್ಲಿ ಇತ್ತು? ಅರ್ಧ ಕೆಮ್ಮೇ ಇದ್ದದ್ದು."

ಕೆಮ್ಮು ಇತ್ತು, ಸುಳ್ಳಲ್ಲ. ಮೂಡುಬಿದಿರೆಯ ಹತ್ತಿರದ ತವರಿನಲ್ಲಿ ಬಾಣಂತನಕ್ಕೆ ಇದ್ದಾಗ, ಉಮ್ಮ ರುಖಿಯಮ್ಮ ಬೀಡಿ ಕಟ್ಟುವ ಮೊರವನ್ನು ಬದಿಗಿಟ್ಟು ಮಗುವಿಗೆ ಹಾಡಿದ ಜೋಗುಳವದು. ಸಜ್ನಾ ಅವಳಿಗೆ ತಿಳಿಯದ ಹಾಗೆ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು. ಮೂರು ನಿಮಿಷದ ಹಾಡಿನ ನಡುವೆ ಉಮ್ಮ ಎರಡು ಸಲ ಕೆಮ್ಮುತ್ತಾಳೆ, ಒಮ್ಮೆ "ಅಡುಗೆಕೋಣೆಯ ಬಾಗಿಲು ಹಾಕು, ಬೆಕ್ಕು ಬಂತು" ಎನ್ನುತ್ತಾಳೆ, ಮತ್ತೆ ಹಾಡುತ್ತಾಳೆ. ಮುಂದಿನ ಬಕ್ರೀದಿಗೆ ಉಮ್ಮ ಇರಲಿಲ್ಲ. ಅವಳದ್ದೆಂದು ಉಳಿದದ್ದು ರೇಷನ್ ಕಾರ್ಡಿನಲ್ಲಿ ಹೆದರಿ ಕೂತಂತಿರುವ ಒಂದು ಫೋಟೋ ಮತ್ತು ಈ ಮೂರು ನಿಮಿಷ.

ಮೊಬೈಲ್ ಸೆಟ್ ಬಂದದ್ದೂ ಸಜ್ನಾಳಿಗೇ. ಗಂಡ ರಿಝ್ವಾನ್ ಸೌದಿಯ ದಮ್ಮಾಮಿನಿಂದ ಊರಿನವರ ಕೈಯಲ್ಲಿ ಕಳಿಸಿದ್ದ. ಬೆನ್ನಿಗೆ ಎರಡು ಸ್ಪೀಕರು, ಹಾಕಿದರೆ ಮೂರು ಮನೆಗೆ ಕೇಳುವಷ್ಟು ಸದ್ದು. ಆದರೆ ಮನೆಯ ಫೋನು ಗಂಡಸಿನ ಕಿಸೆಯಲ್ಲಿ ಇರಬೇಕೆಂದು ಅವಳು ಬಾಣಂತನ ಮುಗಿಸಿ ಬಂದ ಮೊದಲ ವಾರವೇ ಹಕೀಂ ತೀರ್ಮಾನ ಮಾಡಿದ. ಅವನು ಬಂಟ್ವಾಳ ಪೇಟೆಯ ಚಪ್ಪಲಿ ಅಂಗಡಿಯಲ್ಲಿ ದಿನವಿಡೀ ಹಾಡು ಕೇಳುವುದು, ಅವನು ಸ್ನಾನಕ್ಕೆ ಹೋದಾಗ ಅವಳು ಉಮ್ಮನನ್ನು ಕೇಳುವುದು. ಹಾಗೆ ನಡೆದಿತ್ತು.

ಅಳಿಸಿದ್ದನ್ನು ಅವಳು ಕ್ಷಮಿಸುತ್ತಿದ್ದಳೋ ಏನೋ. ಅರ್ಧ ಕೆಮ್ಮು ಎಂದದ್ದನ್ನು ಕ್ಷಮಿಸಲಿಲ್ಲ. ಊರೆದುರು ಇವನ ಮುಖಕ್ಕೆ ಮಸಿ ಬಳಿಯಬೇಕು ಎಂದು ಅಕ್ಕಿ ಅರೆಯುವಾಗ ಅನಿಸಿತು, ಬಟ್ಟೆ ಒಗೆಯುವಾಗಲೂ ಅನಿಸಿತು. ತಾಳಿದವರು ಬಾಳಿಯಾರು ಎನ್ನುತ್ತಾರೆ. ಸಜ್ನಾ ತಾಳಿದಳು, ಶುಕ್ರವಾರದವರೆಗೆ.

ಹಕೀಂ ಮಸೀದಿ ಕಮಿಟಿಯ ಕಾರ್ಯದರ್ಶಿ. ಶುಕ್ರವಾರದ ಜುಮಾ ನಮಾಝಿನ ಖುತ್ಬಾ ಪ್ರವಚನಕ್ಕೆ ಮೊದಲು ಮೈಕ್ ಹಿಡಿದು ಮೊಬೈಲ್ ಬಂದ್ ಮಾಡಿಸುವುದು ಅವನ ಕೆಲಸ, ಅದರಲ್ಲಿ ಅವನಿಗೆ ಭಾರೀ ಖುಷಿ. ಒಮ್ಮೆ ಮುದುಕ ಮೊಯಿದಿನಬ್ಬರ ಫೋನು ರಿಂಗಾದಾಗ ಅವರನ್ನು ಎಬ್ಬಿಸಿ ನಿಲ್ಲಿಸಿ ಬುದ್ಧಿ ಹೇಳಿದ್ದ. ಅವರು ಆಮೇಲೆ ಮುಂದಿನ ಸಾಲಿಗೆ ಬಂದದ್ದಿಲ್ಲ. ಇಷ್ಟೆಲ್ಲ ಬುದ್ಧಿ ಇದ್ದವನಿಗೆ ತನ್ನ ಕಿಸೆಯ ಸೆಟ್ಟಿನ ಒಂದು ಗುಣ ಗೊತ್ತಿರಲಿಲ್ಲ. ಆಫ್ ಮಾಡಿದ್ದರೂ ಅದರ ಅಲಾರಾಂ ಹೊಡೆಯುತ್ತದೆ. ಅದು ಗೊತ್ತಿದ್ದದ್ದು ರಂಝಾನಿನಲ್ಲಿ ನಸುಕಿನ ಸಹರಿ ಊಟಕ್ಕೆ ಆ ಅಲಾರಾಮಿಗೇ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವಳಿಗೆ. ಬಡಿಸಿಟ್ಟ ಮೇಲೆ ಏಳುವ ಗಂಡಸರಿಗೆ ಹೇಗೆ ಗೊತ್ತಾಗಬೇಕು?

ಶುಕ್ರವಾರ ಅವನು ಸ್ನಾನಕ್ಕೆ ಹೋದಾಗ ಸಜ್ನಾ ಅಲಾರಾಮನ್ನು ಒಂದು ಗಂಟೆಗೆ ಇಟ್ಟಳು. ಪಟ್ಟಿಯಲ್ಲಿದ್ದ ಅತೀ ಪೋಲಿ ಹಾಡನ್ನು ಹುಡುಕಿ ಅದಕ್ಕೆ ಕೊಟ್ಟಳು. ಸದ್ದನ್ನು ತುದಿಗೇರಿಸಿದಳು.

ಮಸೀದಿಯ ಮೈಕು ಅವರ ಅಡುಗೆಕೋಣೆಗೆ ಸ್ಪಷ್ಟವಾಗಿ ಕೇಳುತ್ತದೆ. "ಮೊಬೈಲ್ ಇದ್ದವರು ಆಫ್ ಮಾಡಿ. ಸೈಲೆಂಟ್ ಅಲ್ಲ, ಆಫ್!" ಎಂದು ಹಕೀಂ ಗದರಿಸಿದ. ಖತೀಬರು ಖುತ್ಬಾ ಶುರುಮಾಡಿದರು. ಗಡಿಯಾರದ ಮುಳ್ಳು ಒಂದಕ್ಕೆ ಬಂದದ್ದೇ ತಡ, ಡೋಲು ತಮಟೆಗಳ ಸಮೇತ ಒಬ್ಬಳು ಹೆಂಗಸು ಇಡೀ ಊರಿಗೆ ಕೇಳುವ ಹಾಗೆ ಹಾಡಿದಳು. ಖತೀಬರು ನಿಂತರು. ಹಾಡು ನಿಂತಿತು. ಖತೀಬರು ಬಾಯಿ ತೆರೆದರು, ಹಾಡು ಮತ್ತೆ ಬಂತು. ಕೊನೆಗೆ ಅದು ಮೈಕಿನಿಂದ ದೂರ ದೂರ ಓಡಿತು.

ಒಳಗಿನಿಂದ ಅತ್ತೆ ಸಫಿಯಮ್ಮ ಕೇಳಿದರು. "ಅದು ನಮ್ಮ ಮೊಬೈಲ್ ಅಲ್ಲವಾ?"

"ಗೊತ್ತಿಲ್ಲ ಮಾಮಿ," ಎಂದು ಸಜ್ನಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳು ಹೊಟ್ಟೆ ತುಂಬ ನಕ್ಕಳು.

ಹಕೀಂ ನಮಾಝ್ ಮುಗಿಸಿ ಬರುವಾಗ ಅವಳು ಹಿತ್ತಿಲ ಕಲ್ಲಿನ ಹತ್ತಿರ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಅವನ ಮುಖ ಸುಟ್ಟ ಬದನೆಯಂತಾಗಿತ್ತು.

"ಆ ಉನೈಸನೇ ಮಾಡಿದ್ದು. ಈಗಲೇ ಹೋಗ್ತೇನೆ. ಅವನ ಅಂಗಡಿಯೆದುರೇ ಕೆನ್ನೆಗೆ ಎರಡು ಬಿಡ್ತೇನೆ."

ಸುಮ್ಮನಿರಬೇಕೆಂದೇ ಅವಳು ನಿಶ್ಚಯಿಸಿದ್ದಳು. ಆದರೆ ಉನೈಸ್ ಪಾಪ, ಕೊಟ್ಟ ಕೆಲಸ ಮಾಡಿದವನು. ಅದಕ್ಕಿಂತ ಹೆಚ್ಚಾಗಿ, ಉಮ್ಮನಿಗಾಗಿ ತೀರಿಸಿದ ಸೇಡು ಯಾರದೋ ಹೆಸರಿಗೆ ಹೋಗುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ಉನೈಸ್ ಅಲ್ಲ ಕಾಕ. ಅಲಾರಾಂ ಇಟ್ಟದ್ದು ನಾನು."

ಹಕೀಂ ಅವಳನ್ನು ನೋಡಿದ. ಆಮೇಲೆ ಆ ಅವಮಾನದಲ್ಲೂ ನಕ್ಕುಬಿಟ್ಟ. "ನೀನಾ? ನಾನು ಆಫ್ ಮಾಡಿದ್ದೆ. ಆಫ್ ಆದದ್ದು ಹೇಗೆ ಹಾಡ್ತದೆ? ನಿನಗೆ ಅದೆಲ್ಲ ಎಲ್ಲಿ ಬರ್ತದೆ. ನೀನು ಮೀನು ಕೊಯ್ಯಿ."

ಸಜ್ನಾ ಕೈ ತೊಳೆದು ಒರೆಸಿಕೊಂಡಳು. ಅವನ ಕೈಯಿಂದ ಸೆಟ್ ತೆಗೆದುಕೊಂಡು, ಅವನಿಗೆ ಕಾಣುವ ಹಾಗೆ ಹಿಡಿದು, ನಾಲ್ಕೈದು ಗುಂಡಿ ಒತ್ತಿದಳು. ಆಫ್ ಮಾಡಿ ಒಗೆಯುವ ಕಲ್ಲಿನ ಮೇಲಿಟ್ಟಳು.

"ಆಫ್ ಉಂಟಾ ನೋಡಿ."

"ಉಂಟು."

"ಎರಡು ನಿಮಿಷ ನಿಲ್ಲಿ."

ಅವಳು ಮೀನಿಗೆ ಕೂತಳು. ಅವನು ನಿಂತ. ಹೋಗಬಹುದಿತ್ತು, ಹೋಗಲಿಲ್ಲ. ಕಪ್ಪಗಿದ್ದ ಪರದೆ ಇದ್ದಕ್ಕಿದ್ದಂತೆ ಬೆಳಗಿತು, ಡೋಲು ಶುರುವಾಯಿತು. ಹಕೀಂ ಹಾರಿ ಅದನ್ನೆತ್ತಿಕೊಂಡು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ಒಂದು ಕ್ಷಣ ನಿಲ್ಲುವುದು, ಮತ್ತೆ ಮೊದಲಿನಿಂದ ಹಾಡುವುದು. ಜುಮಾ ಮುಗಿಸಿ ಹೋಗುತ್ತಿದ್ದವರು ಪಾಗಾರದ ಗೋಡೆಯ ಆಚೆ ನಿಂತರು. ಅವರಲ್ಲಿ ಯಾರೋ ನಕ್ಕದ್ದು ಕೇಳಿಸಿತು.

"ನಿಲ್ಲಿಸು ಮಾರಾಯ್ತಿ, ದಾರಿಯಲ್ಲಿ ಜನ ಉಂಟು."

"ಕೈಯೆಲ್ಲ ಮೀನು ಕಾಕ."

ಅವನು ಅವಳ ಎದುರು ಕುಕ್ಕುರುಗಾಲಿನಲ್ಲಿ ಕೂತು ಸೆಟ್ಟನ್ನು ಚಾಚಿದ. ಬಿಳಿ ಅಂಗಿಯ ಕಂಕುಳು ಒದ್ದೆಯಾಗಿತ್ತು. "ತಪ್ಪಾಯ್ತು," ಎಂದ, ಅವಳಿಗೆ ಮಾತ್ರ ಕೇಳುವಷ್ಟು. "ನಿನ್ನ ಉಮ್ಮನದ್ದು ತೆಗೆಯಬಾರದಿತ್ತು."

ಐದು ದಿನದಿಂದ ಅವಳು ಕಾದದ್ದು ಇದೇ ಮಾತಿಗೆ. ಬಂತು. ಬಂದರೂ ಅದರ ಹಿಂದೆ ಉಮ್ಮನೇನೂ ಬರಲಿಲ್ಲ, ಆ ಡೋಲಿನ ಹೆಂಗಸೇ ಇನ್ನೂ ಹಾಡುತ್ತಿದ್ದಳು.

ಬುಟ್ಟಿಯಲ್ಲಿ ಏಳು ಬಂಗುಡೆ ಉಳಿದಿತ್ತು. ಸಜ್ನಾ ಅವುಗಳಲ್ಲಿ ದೊಡ್ಡದನ್ನು ಆರಿಸಿ, ಕತ್ತಿಗೆ ಒಡ್ಡಿ, ನಿಧಾನವಾಗಿ ಹೊಟ್ಟೆ ಸೀಳಿದಳು.