ದೀಪ ದೊಡ್ಡದಾಯಿತು

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತವೆ. ಗುಡ್ಡದ ಬುಡದ ಡೋಣಿ ಊರಿನವರು ಅವನ್ನು ಫ್ಯಾನು ಎನ್ನುತ್ತಾರೆ. ಅಲ್ಲಿ ಹುಟ್ಟಿದ ಕರೆಂಟು ಯಾವ ಊರು ಬೆಳಗುತ್ತದೋ ಶಿವನೇ ಬಲ್ಲ. ಡೋಣಿಗೆ ಮಾತ್ರ ಅದು ಅವಸರದ ನೆಂಟನಂತೆ ಸಂಜೆ ಬಂದು, ನೀರು ಕೊಡುವಷ್ಟರಲ್ಲಿ ಎದ್ದು ಹೋಗುತ್ತದೆ.

ಅಂಥದೊಂದು ಸಂಜೆ ರೋಜಾ ಗದಗಿನ ನರ್ಸಿಂಗ್ ಕಾಲೇಜಿನಿಂದ ಬಂದು ಬಸ್ಸಿಳಿದು ನಡೆಯುತ್ತಿದ್ದಳು. ಮುಚ್ಚಿಹೋದ ಎಣ್ಣೆ ಗಿರಣಿಯ ಹತ್ತಿರ ಹಿಂದಿನಿಂದ ದೀಪವಿಲ್ಲದ ಬೈಕೊಂದು ಬಂತು. ಯಾರೋ ಅವಳ ವೇಲು ಹಿಡಿದೆಳೆದರು. ಅವನ ಕೈಯ ಕಡಗ ಮೊಣಕೈಗೆ ಬಡಿದು ಅವಳು ಬಿದ್ದಳು. ಕೂಗಿಕೊಂಡಳು; ಬೈಕು ಕತ್ತಲಲ್ಲಿ ಮರೆಯಾಯಿತು. ಒಂದು ಕದವೂ ತೆರೆಯಲಿಲ್ಲ. ಕರೆಂಟು ಹೋದೊಡನೆ ಚಿಲಕ ಹಾಕಿಕೊಳ್ಳುವುದು ಓಣಿಗೆಲ್ಲ ರೂಢಿಯಾಗಿತ್ತು. ಒಳಗಿದ್ದವರಿಗೆ ಅದು ಜಾಗ್ರತೆ. ಹೊರಗಿದ್ದವಳಿಗೆ ಅದೇ ಇನ್ನೊಂದು ಕತ್ತಲೆ.

ಅವಳ ಅಪ್ಪ ಲಕ್ಷ್ಮಪ್ಪ ಗುಡ್ಡದ ಮೇಲೆ ಫ್ಯಾನುಗಳಿಗೆ ರಾತ್ರಿ ಕಾವಲುಗಾರ. ರೋಜಾಳ ತಾಯಿ ತನ್ನ ತಂಗಿಯ ಬಾಣಂತನಕ್ಕೆಂದು ಕೊರ್ಲಹಳ್ಳಿಗೆ ಹೋಗಿದ್ದಳು. ಮನೆಯಲ್ಲಿ ಉಳಿದವಳು ಲಕ್ಷ್ಮಪ್ಪನ ತಾಯಿ ಮಂಜವ್ವ.

"ಇನ್ನೊಮ್ಮೆ ಹಿಂಗಾತಂದ್ರ ಕಾಲೇಜ್ ಬಂದ್," ಎಂದ ಲಕ್ಷ್ಮಪ್ಪ. "ನಾ ಫ್ಯಾನ್ ಕಾಯ್ಲೋ, ನಿನ್ನ ಕಾಯ್ಲೋ?"

"ಅಂವ ಮಾಡಿದ್ದಕ್ಕ ನಾ ಯಾಕ ಮನ್ಯಾಗ ಕುಂಡ್ರಬೇಕಪ್ಪಾ?"

"ನನಗ ವಾದ ಮಾಡಾಕ ಬರಂಗಿಲ್ಲವ್ವ. ಅಂಜಾಕ ಅಷ್ಟ ಬರತೈತಿ."

ಎದುರು ಮನೆಯ ರಹಿಮತಬಿಯ ಮೊಮ್ಮಗಳು ಸಬೀನಾ ಹೊಲಿಗೆ ಕ್ಲಾಸು ಬಿಟ್ಟು ಕೂತದ್ದೂ ಇದೇ ದಾರಿಗೆ ಅಂಜಿ. ಬತ್ತಿ ಹೊಸೆಯುತ್ತಲೇ ಮಂಜವ್ವ ಎಲ್ಲವನ್ನೂ ಕೇಳಿಸಿಕೊಂಡಳು.

ಕೆಲವು ದಿನಕ್ಕೆ ಗಿರಣಿ ಮುಂದಿನ ಕಂಬದ ಬಲ್ಬೂ ಹೋಯಿತು. ಕರೆಂಟು ಇದ್ದಾಗಲೂ ಅಲ್ಲಿ ಕತ್ತಲೆಯೇ. ಮಂಜವ್ವ ತಡೆಯಲಾರದೆ ಒಂದು ಸಂಜೆ ಲೈನ್‌ಮನ್ನನಿಗೆ ಫೋನು ಹಚ್ಚಿದಳು. ಮೌನೇಶ ಎಂಬ ಆ ಹುಡುಗ ದೂರದ ದಕ್ಷಿಣದ ಕಡೆಯವನು, ಈಚೆಗೆ ಬಂದವನು. ಮಂಜವ್ವನೋ, ದೀಪ ಆರಿತು ಎಂಬ ಮಾತನ್ನು ಜನ್ಮದಲ್ಲಿ ಬಾಯಿಂದ ಹೊರಡಿಸಿದವಳಲ್ಲ. ಆ ಮಾತು ಸಾವಿನ ಮನೆಗೆ ಮೀಸಲು. ಉಳಿದಂತೆ ದೀಪ ಆರಿದರೆ ದೊಡ್ಡದಾಯಿತು ಎನ್ನಬೇಕು. ಅವಳ ಅತ್ತೆ ಕಲಿಸಿದ್ದು ಹಾಗೆ.

"ತಮ್ಮಾ, ಗಿರಣಿ ಮುಂದಿನ ದೀಪ ದೊಡ್ಡದಾಗೈತಿ ನೋಡಪಾ."

"ದೊಡ್ಡದಾಗಿದೆಯಾ? ಎಷ್ಟು ದೊಡ್ಡದು ಅಜ್ಜಿ?"

"ಎಷ್ಟಂದ್ರ? ಪೂರಾ ದೊಡ್ಡದಾಗೈತಿ! ಜಲ್ದಿ ಬಾ, ಮಂದಿ ಅಡ್ಡಾಡೋ ಜಾಗಾ."

"ಅಯ್ಯೋ, ಯಾರೂ ಕಂಬದ ಹತ್ರ ಹೋಗಬೇಡಿ!"

ಎಂಥ ಕಾಳಜಿ ಹುಡುಗನದು ಎಂದು ಮಂಜವ್ವ ಫೋನು ಕೆಳಗಿಟ್ಟು, ದೇವರ ಮುಂದೆ ಕೈಮುಗಿದಳು. ಕಣ್ಣು ತೆರೆಯುವಷ್ಟರಲ್ಲಿ ಇಡೀ ಊರಿನ ಕರೆಂಟು ಹೋಗಿತ್ತು. ಓಣಿಯುದ್ದಕ್ಕೂ ಚಿಲಕಗಳ ಸದ್ದು. ಫೋನು ಹೊಡೆದುಕೊಂಡಿತು.

"ಅಜ್ಜಿ, ಊರಿನ ಲೈನೇ ಆಫ್ ಮಾಡಿದ್ದೀನಿ. ಹೆದರಬೇಡಿ."

"ಅಯ್ಯ, ಯಾಕೋ ತಮ್ಮಾ?"

"ನೀವೇ ಹೇಳಿದ್ರಲ್ಲ, ದೀಪ ದೊಡ್ಡದಾಗಿ ಉರೀತಿದೆ ಅಂತ. ವೋಲ್ಟೇಜ್ ಏರಿರ್ಬೇಕು. ಮನೆಗಳಿಗೆ ಬೆಂಕಿ ಬಿದ್ರೆ?"

"ಮತ್ತ ಹಚ್ಚಪಾ, ನಿನ್ನ ಕಾಲ ಬೀಳ್ತೀನಿ!"

"ಕಂಬ ನೋಡದೆ ಹಾಕೋ ಹಾಗಿಲ್ಲ. ಹೊರಟಿದ್ದೀನಿ, ಬರ್ತೀನಿ."

ಅಷ್ಟರಲ್ಲಿ ಊರ ಹೊರಗೆ ಗದಗಿನ ಬಸ್ಸಿನ ಹಾರ್ನು ಕೇಳಿಸಿತು. ರೋಜಾ ಅದರಲ್ಲೇ ಬರುವವಳು.

ಕತ್ತಲಾದದ್ದು ತನ್ನ ಮಾತಿನಿಂದ. ಮಂಜವ್ವ ಬರಿಗಾಲಲ್ಲಿ ಓಣಿಗಿಳಿದು ಮನೆಮನೆಯವರ ಹೆಸರು ಹಿಡಿದು ಕೂಗಿದಳು. ಒಳಗಿನಿಂದ "ನಾಳೆ ಬಾರಬೇ ಆಯಿ" ಎಂಬ ದನಿ ಬಂತೇ ಹೊರತು ಚಿಲಕ ಅಲುಗಲಿಲ್ಲ. ತನ್ನ ಮುದಿಗಾಲು ಗಿರಣಿ ಮುಟ್ಟುವುದರೊಳಗೆ ಏನು ಬೇಕಾದರೂ ಆದೀತು. ಅವಳು ನಡುವೋಣಿಯಲ್ಲಿ ನಿಂತಳು. ಶಿವನೇ, ತಪ್ಪಾದರೆ ನನ್ನ ತಲೆ ಮೇಲಿರಲಿ ಎಂದುಕೊಂಡು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು:

"ದೀಪ ಆರಿತ್ರವ್ವೋ! ನಮ್ಮನಿ ದೀಪ ಆರಿತು!"

ಮೊದಲು ತೆರೆದದ್ದು ರಹಿಮತಬಿಯ ಕದ. ಆಮೇಲೆ ಒಂದೊಂದಾಗಿ ಎಲ್ಲವೂ. ಕಂದೀಲು, ಟಾರ್ಚು, ಮೊಬೈಲು, ಕೈಗೆ ಸಿಕ್ಕ ಬೆಳಕು ಹಿಡಿದು ಓಣಿಗೆ ಓಣಿಯೇ ಓಡಿಬಂತು. ಅಳಲು ಸಿದ್ಧರಾಗಿ ಸೆರಗು ಬಾಯಿಗಿಟ್ಟುಕೊಂಡವರೂ ಇದ್ದರು.

"ಯಾರು ಹೋದ್ರು? ಲಕ್ಷ್ಮಪ್ಪ ಫ್ಯಾನಿನ ಮ್ಯಾಲಿಂದ ಬಿದ್ನೇನು?" ರಹಿಮತಬಿ ಮಂಜವ್ವನ ತೋಳು ಹಿಡಿದಳು.

"ಯಾರೂ ಹೋಗಿಲ್ಲ. ಹುಡುಗಿ ಗಿರಣಿ ಕಡೆಯಿಂದ ಒಬ್ಬಾಕಿನ ಬರಾಕತ್ತಾಳ. ನಡೀರೆವ್ವಾ."

"ಮುದುಕಿ, ನನ್ನ ಜೀವಾ ಹಾರಿಸಿದೆಲ್ಲ! ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಬಂದೀನಿ."

"ಅದು ಹೊತ್ತಿ ಹೋದ್ರ ನಮ್ಮನ್ಯಾಗ ಉಣ್ಣು. ಮೊದಲ ನಡಿ!"

ಗಿರಣಿಯ ತಿರುವಿನಲ್ಲಿ ರೋಜಾ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮುಂದೆ ಬೈಕೊಂದು ಅಡ್ಡ ನಿಂತು ಗುರುಗುಡುತ್ತಿತ್ತು. ಓಣಿಯ ಬೆಳಕೆಲ್ಲ ಒಮ್ಮೆಗೇ ಅದರ ಮೇಲೆ ಬಿದ್ದಾಗ ಕೂತವನು ಕೈಯಿಂದ ಮುಖ ಮುಚ್ಚಿಕೊಂಡ. ಆ ಕೈಯಲ್ಲಿ ಕಡಗವಿತ್ತು.

"ಇವನ ಅಂವ, ಆಯಿ," ಎಂದಳು ರೋಜಾ. ಬೆರಳು ನೇರ ಅವನತ್ತ ಚಾಚಿತ್ತು.

"ನಾ ಸುಮ್ನ ಗಾಡಿ ಬಂದ್ ಬಿತ್ತಂತ ನಿಂತಿದ್ದೆ," ಎಂದ ಅವನು.

"ಬಂದ್ ಬಿದ್ದ ಗಾಡಿ ಗುರುಗುಡತೈತೇನಲೇ?" ಎಂದು ರಹಿಮತಬಿ ಕೀಲಿ ಕಿತ್ತುಕೊಂಡಳು.

ಅವನು ಅದೇ ಊರಿನವನು. ಅವನ ತಾಯಿಯೂ ಟಾರ್ಚು ಹಿಡಿದು ಬಂದವರಲ್ಲಿದ್ದಳು. ಮಗನ ಮುಖದ ಮೇಲಿನ ಬೆಳಕನ್ನು ಅವಳು ಸರಿಸಲಿಲ್ಲ. ರೋಜಾ ತಾನೇ ಪೊಲೀಸರಿಗೆ ಫೋನು ಮಾಡಿದಳು. ಮುಂಡರಗಿಯಿಂದ ಜೀಪು ಬರುವವರೆಗೆ ಓಣಿಯವರು ಯಾರೂ ಕದಲಲಿಲ್ಲ.

ಆ ನಡುವೆ ಮೌನೇಶ ಏಣಿ ಹೊತ್ತು ಬಂದ. ಕಂಬದ ಮೇಲೆ ಟಾರ್ಚು ಬಿಟ್ಟು ನೋಡಿ, "ಇದು ಆರಿ ಹೋಗಿದೆಯಲ್ಲ!" ಎಂದ.

"ಹಂಗನ್ನಬಾರದಪಾ!" ಎಂದು ಹೆಂಗಸರೆಲ್ಲ ಒಟ್ಟಿಗೆ ಗದರಿದರು.

"ಮತ್ತೆ ಹೇಗನ್ನೋದು?"

"ದೊಡ್ಡದಾಗೈತಿ ಅನ್ನಬೇಕು."

ಹುಡುಗ ಹಣೆ ಹಣೆ ಬಡಿದುಕೊಂಡ. ಆ ಹೊತ್ತಿನಲ್ಲೂ ಯಾರೋ ನಕ್ಕರು. ಮೊದಲು ನಕ್ಕವಳು ರೋಜಾಳೇ ಇರಬೇಕು. ಅವನು ಹೊಸ ಬಲ್ಬು ಹಾಕಿ, ಲೈನು ಕೊಟ್ಟು, ಎಲ್ಲರ ಕ್ಷಮೆ ಕೇಳಿ ಹೋದ.

ಕರೆಂಟು ಬಂದರೂ ಜನ ಚದುರಲಿಲ್ಲ. "ಇನ್ಮ್ಯಾಲೆ ಕರೆಂಟ್ ಹೋತಂದ್ರ ಕದಾ ತಗದು ಹೊರಗ ಕಟ್ಟಿ ಮ್ಯಾಲ ಬಂದು ಕುಂಡ್ರಿ," ಎಂದಳು ರಹಿಮತಬಿ. "ಟಿವಿನೂ ಇರಂಗಿಲ್ಲ, ಒಳಗ ಕುಂತು ಗಂಡನ ಮಾರಿ ನೋಡೂದೇನೈತಿ?"

"ಕತ್ತಲದಾಗ ಅದೂ ಕಾಣಂಗಿಲ್ಲ ಬಿಡು," ಎಂದಳು ಇನ್ನೊಬ್ಬಳು.

ಬೆಳಗಿನ ಜಾವ ಲಕ್ಷ್ಮಪ್ಪ ಗುಡ್ಡ ಇಳಿದು ಬಂದ. ತಾಯಿ ಹೇಳಿದ್ದನ್ನೆಲ್ಲ ಕೇಳಿ ಹೊಸ್ತಿಲ ಹತ್ತಿರ ಕೂತ.

"ಮ್ಯಾಲಿಂದ ನಾನೂ ನೋಡಿದೆ," ಎಂದ. "ಊರಿಗೂರ ಕಪ್ಪಾಗಿತ್ತು. ಆಮ್ಯಾಲೆ ಸಣ್ಣ ಸಣ್ಣ ಬೆಳಕು ಎಲ್ಲಾ ಕೂಡಿ ಒಂದ ಕಡೆ ಹೊಂಟಿದ್ವು. ಏನಂತ ತಿಳೀಲಿಲ್ಲ. ಸುಮ್ನ ಕೈ ಮುಗದೆ."

ಒಳಗೆ ರೋಜಾ ಎಚ್ಚರವಾಗಿಯೇ ಮಲಗಿದ್ದಳು. ಏಳಬೇಕೋ ಬೇಡವೋ ತಿಳಿಯದೆ ಅಪ್ಪನ ಹೆಜ್ಜೆಗೆ ಕಿವಿಗೊಟ್ಟಿದ್ದಳು. ಲಕ್ಷ್ಮಪ್ಪ ಬಾಗಿಲಿಗೆ ಬಂದು ನಿಂತ.

"ಏಳವ್ವ, ಬಸ್ಸಿನ ಹೊತ್ತಾತು."

ಅವಳು ಬಸ್ ಸ್ಟ್ಯಾಂಡು ಮುಟ್ಟುವ ವೇಳೆಗೆ ಸಬೀನಾ ಅಲ್ಲಿ ಆಗಲೇ ನಿಂತಿದ್ದಳು, ಹೆಗಲಿಗೆ ಬಟ್ಟೆಯ ಚೀಲ.

"ನೀ ಎಲ್ಲಿಗಲೇ?"

"ಹೊಲಿಗಿ ಕ್ಲಾಸಿಗೆ. ದಾದಿ ಬಡದ ಎಬ್ಬಿಸಿದ್ಲು," ಎಂದಳು ಸಬೀನಾ, ತನ್ನ ಅಜ್ಜಿಯ ಮೇಲೆ ದೂರುವವಳಂತೆ. "ಕಿಟಕಿ ಜಾಗಾ ನಂದು, ಈಗ ಹೇಳೀನಿ ನೋಡು."