ಡಾಜ್ ಗಾಡಿ ಗುಡ್ಡ ಹತ್ತಿದ್ದು

ನಮ್ಮ ಮನೆಯವರು ಕಾಡಪ್ಪನವರಿಗೆ ಹೆಂಡಂದಿರು ಇಬ್ಬರು. ಹಿರಿಯವಳು ಅಮೆರಿಕದ ಡಾಜ್ ಗಾಡಿ, ಕಿರಿಯವಳು ನಾನು, ಸುನಂದಾಬಾಯಿ. ಸಾಂಗ್ಲಿಯ ಮನೆಗೆ ನನಗಿಂತ ಮೊದಲು ಬಂದವಳು ಅವಳೇ. ಅವಳ ಬಾನೆಟ್ಟಿನ ಮೇಲೆ ಒಂದು ಪಂಕ್ತಿ ಊಟಕ್ಕೆ ಎಲೆ ಹಾಕಬಹುದಿತ್ತು. ಸಾಂಗ್ಲಿಯಲ್ಲಿ ಹಾರ್ನ್ ಒತ್ತಿದರೆ ದೂರದ ಸಲಗರೆ ಹಳ್ಳಿಯಲ್ಲಿ ಎತ್ತುಗಳು ಹಗ್ಗ ಹರಿದುಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಕೃಷ್ಣಾ ಹೊಳೆ ಬತ್ತುವುದೇ ಇವಳು ನೀರು ಕುಡಿಯುವುದರಿಂದ ಎಂದು ನಾನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ.

ಇಷ್ಟು ದೊಡ್ಡ ಮೈ, ಆದರೆ ಗುಡ್ಡ ಹತ್ತಲಾರಳು. ಪ್ರತಿ ವರ್ಷ ಶ್ರಾವಣ ಸೋಮವಾರ ನಾವು ಮಿರಜ ದಾಟಿ ದಂಡೋಬಾ ಗುಡ್ಡದ ಮೇಲಿನ ಶಿವನ ಗುಡಿಗೆ ಹೋಗುತ್ತಿದ್ದೆವು. ಕೊನೆಯ ತಿರುವಿನಲ್ಲಿ, ಬೇವಿನ ಗಿಡದ ಹತ್ತಿರ, ಗಾಡಿ ಕೆಮ್ಮಿ ನಿಂತುಬಿಡುತ್ತಿತ್ತು. ಇವರು ನನ್ನ ಮುಖ ನೋಡದೆ ಕೇಳುತ್ತಿದ್ದರು.

"ಸ್ವಲ್ಪ ಇಳಿತಿಯೇನ?"

ನಾನು ಇಳಿದರೆ ಗಾಡಿ ಹತ್ತುತ್ತಿತ್ತು. ನಾನು ಹಿಂದಿನಿಂದ ನಡೆದು ಮೇಲೆ ಹೋದಾಗ ಇವರು ಬಂಡೆಯ ಮೇಲೆ ಕುಳಿತು, ನೀರಿನ ತಂಬಿಗೆ ಹಿಡಿದು ನನ್ನ ದಾರಿ ಕಾಯುತ್ತಿದ್ದರು.

"ಮೊದಲ ಯಾರಿಗೆ ಕುಡಿಸಿದ್ರಿ?"

"ಅಕಿ ಭಾಳ ದಣದಿದ್ಲು."

"ಹಿರ್ಯಾಕಿ ಅಲ್ಲೇನು. ಉಳದದ್ದು ನನಗ ಕೊಡ್ರಿ."

ಹೀಗೇ ವರ್ಷಗಳು ಹೋದವು. ಸಾಂಗ್ಲಿ ಮಿರಜದ ನಡುವಿನ ಜೋಳದ ಹೊಲಗಳಲ್ಲಿ ಕಾಲೊನಿಗಳೆದ್ದವು, ರಸ್ತೆಯ ಎರಡೂ ಬದಿಗೆ ಕನ್ನಡಿ ಹಾಕಿದ ಶೋರೂಮುಗಳು ಬಂದವು. ಅರಿಶಿನ ಪೇಟೆಯಲ್ಲಿ ನಮ್ಮ ಅಂಗಡಿಯ ಆಚೆ ಈಚೆ ಇದ್ದವರೆಲ್ಲ ಮಾರುತಿ ಕೊಂಡರು. ಒಂದು ಶ್ರಾವಣದಲ್ಲಿ ನಾನು ಮೊಣಕಾಲು ಹಿಡಿದುಕೊಂಡು ಆ ತಿರುವು ಹತ್ತುತ್ತಿದ್ದೆ. ಕೆಂಪು ಮಾರುತಿಯೊಂದು ಪಕ್ಕದಲ್ಲಿ ಸುಯ್ಯನೆ ಹೋಯಿತು. ಒಳಗಿದ್ದ ಹುಡುಗಿ ತಲೆ ಹೊರಹಾಕಿ, "ಆಜಿ, ಬಸ್ ಚುಕ್ಲಿ ಕಾ?" ಎಂದಳು. ಅಜ್ಜಿ, ಬಸ್ಸು ತಪ್ಪಿತೇ ಎಂದು.

ನಾನು ನಕ್ಕೆ. ಮೇಲೆ ಬಂಡೆಯ ಮೇಲಿದ್ದ ಇವರಿಗೂ ಕೇಳಿಸಿತ್ತು. ಅವರು ನಗಲಿಲ್ಲ. ಅಂದು ನೀರು ಮೊದಲು ನನಗೆ ಕೊಟ್ಟರು.

ಮರುವಾರ ಗಾಡಿ ಮಿರಜ ಸ್ಟೇಶನ್ ಹತ್ತಿರದ ಧೋಂಡಿಬಾ ಮಿಸ್ತ್ರಿಯ ಗ್ಯಾರೇಜು ಸೇರಿತು. ಮಾರಿಬಿಡಿ ಎಂದು ಮಗ ಹೇಳಿದ. ಇವರು ಕೇಳಲಿಲ್ಲ. ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಕೂರಿಸುವುದು, ಹೆಡ್ ಸವೆಸಿ ಒತ್ತಡ ಏರಿಸುವುದು, ಒಂದು ಕಾರ್ಬ್ಯುರೇಟರ್ ಇದ್ದಲ್ಲಿ ಎರಡು ಹಾಕುವುದು ಎಂದು ಊಟಕ್ಕೆ ಕುಳಿತಾಗೆಲ್ಲ ನನಗೆ ಪಾಠ.

"ಹೊಟ್ಟಿ ಅಗಲ, ತಲಿ ಸಣ್ಣದು, ಬಾಯಿ ಎರಡು," ಎಂದೆ. "ಅಕಿನ್ನ ನನ್ನಂಗ ಮಾಡಾಕ ಹತ್ತೀರಿ."

"ಮುಂದಿನ ಶ್ರಾವಣದಾಗ ನೀ ಇಳಿಯೂದಿಲ್ಲ ನೋಡು. ಕುಂತಕಿ ಕುಂತಲ್ಲೇ ಮ್ಯಾಲ ಹೋಗ್ತಿ."

"ಅಕಿ ನನ್ನ ಹೊತ್ತು ಹತ್ತಿದ್ರ, ನಾ ನಿಮ್ಮನ್ನ ಹೊತ್ತು ಇಳಿತೇನಿ."

ಆಗಲೇ ಇವರ ಎದೆ ಸರಿಯಿರಲಿಲ್ಲ. ಮಲಗಿರಿ ಎಂದರು ಡಾಕ್ಟರು. ಇವರು ಹೋಗಿ ಗ್ಯಾರೇಜಿನ ಸ್ಟೂಲಿನ ಮೇಲೆ ಕುಳಿತರು. ಜ್ಯೇಷ್ಠದಲ್ಲಿ ಮೊದಲ ಮಳೆ ಬಿದ್ದ ವಾರ ಅವರನ್ನು ಬೇರೆಯವರು ಹೊತ್ತರು.

ಆಮೇಲೆ ನಾನು ಬಿಳಿ ಸೀರೆಯವಳಾದೆ. ಶುಕ್ರವಾರ ಓಣಿಯಲ್ಲಿ ಅರಿಶಿನ ಕುಂಕುಮದ ತಟ್ಟೆ ನನ್ನನ್ನು ದಾಟಿ ಆಚೆ ಮನೆಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ಉಗುರಿನಲ್ಲಿ ಅರಿಶಿನ ಇದ್ದವಳು ನಾನು. ಉಗುರು ಬೆಳ್ಳಗಾದವು.

ಶ್ರಾವಣದ ಮೊದಲ ಸೋಮವಾರ ಬಾಗಿಲಲ್ಲಿ ಹಾರ್ನ್ ಕೂಗಿತು. ನೋಡಿದರೆ ಧೋಂಡಿಬಾ, ಡಾಜ್ ತಂದು ನಿಲ್ಲಿಸಿದ್ದ.

"ಕಾಕೂ, ನಡೀರಿ. ಕಾಕಾ ಹೇಳಿ ಹೋಗ್ಯಾರ."

"ನಾ ಯಾರ ಸಲುವಾಗಿ ಬರ್ಲೋ?"

"ಎಂಜಿನ್ ಸಲುವಾಗಿ ಬರ್ರಿ. ಮಾಡಿದ್ದೆಲ್ಲಾ ದಂಡ ಆಗ್ತದ ಇಲ್ಲಂದ್ರ."

ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊರಟೆ. ಸೊಸೆ ಕಾಂಚನ ಹಿಂದೆ ಕುಳಿತಳು. ಜಿಟಿಜಿಟಿ ಮಳೆಗೆ ಅಂಗಳ ದಾಟುವಷ್ಟರಲ್ಲಿ ನನ್ನ ಸೀರೆ ಒದ್ದೆಯಾಗಿತ್ತು. ಮುಂದಿನ ಸೀಟಿನಲ್ಲಿ ಕುಳಿತ ಕೂಡಲೇ ನಮ್ಮ ಅಂಗಡಿಯ ಅರಿಶಿನದ ವಾಸನೆ ಬಂತು. ನನಗೆ ಭ್ರಮೆ ಎಂದುಕೊಂಡೆ.

ಮಿರಜ ದಾಟಿದೆವು. ಗಾಡಿಯ ದನಿ ಬೇರೆಯಾಗಿತ್ತು, ಎದೆ ತುಂಬ ಉಸಿರು ಎಳೆದುಕೊಳ್ಳುವವರ ಹಾಗೆ. ಬೇವಿನ ಗಿಡ ಕಂಡಾಗ ನನ್ನ ಕೈ ತಾನಾಗಿ ಬಾಗಿಲಿನ ಹಿಡಿಕೆಗೆ ಹೋಯಿತು. ಯಾರೂ ಇಳಿ ಎನ್ನಲಿಲ್ಲ. ಗಿಡ ಹಿಂದೆ ಸರಿಯಿತು.

"ನಿನಗ ಹೆಂಗ ಗೊತ್ತಿತ್ತೋ, ಅಕಿ ನನ್ನ ಹೊತ್ತು ಹತ್ತತಾಳ ಅಂತ?"

ಧೋಂಡಿಬಾ ರಸ್ತೆಯನ್ನೇ ನೋಡುತ್ತ ಹೇಳಿದ: "ಕಾಕಾ ಟ್ರಾಯಲ್ ತಗೊಂಡಿದ್ರಲ್ರಿ. ಹೋಗೂ ಮೊದಲ ಎಂಟ ದಿನ ಇರಬೇಕು. ನಿಮ್ಮ ಸೀಟಿನ ಮ್ಯಾಲ ಅರಿಶಿನ ಚೀಲ ಇಟ್ಟು, ನಿಮ್ಮಷ್ಟ ವಜನ ಮಾಡಿ, ತಾವ ಹೊಡಕೊಂಡು ಹತ್ತಿದ್ರು. ಮ್ಯಾಲ ಹೋಗಿ ಚೀಲಕ್ಕ ಅಂದ್ರು, ಇಳಿ ಈಗ ಅಂತ."

"ಎಷ್ಟ ಚೀಲ?"

ಅವನು ಗೇರ್ ಬದಲಿಸಿದ.

"ಹೇಳೋ."

"ಒಂದು."

"ಸುಳ್ಳ ಹೇಳಬ್ಯಾಡ."

"ಒಂದೂವರಿ ಚೀಲ, ಕಾಕೂ."

"ಎರಡು ಇಟ್ಟಿರ್ತಾರ. ನೀ ನನ್ನ ಮುಂದ ಕಡಿಮಿ ಹೇಳ್ತಿ."

ನಗಲು ಹೋದೆ, ಆಗಲಿಲ್ಲ.

ಗಾಡಿ ಮೇಲೆ ನಿಂತಿತು. ಧೋಂಡಿಬಾ ಬಾನೆಟ್ ಎತ್ತಿ ಮುಟ್ಟಿ ನೋಡಿ ಮುಚ್ಚಿದ. ಹಿರಿಯವಳಿಗೆ ನೀರು ಬೇಕಾಗಿರಲಿಲ್ಲ. ಬಂಡೆ ಖಾಲಿ ಇತ್ತು, ಮಳೆಗೆ ತೊಯ್ದು ಕಪ್ಪಗಾಗಿತ್ತು. ತಂಬಿಗೆ ಹಿಡಿದು ಅದರ ಹತ್ತಿರ ಹೋಗಿ ನಿಂತೆ. ಮೊದಲು ಯಾರಿಗೆ ಎಂದು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

"ಅತ್ತಿ, ನಿಲ್ರಿ, ನಿಲ್ರಿ," ಎಂದು ಕಾಂಚನ ಓಡಿಬಂದಳು. "ಹಿಂದ ಸೀರಿ ಎಲ್ಲಾ ಹಳದಿ ಆಗ್ಯಾದ. ಮಂದಿ ನೋಡಿದ್ರ ಏನಂತಾರ." ಬಗ್ಗಿ ಒರೆಸಲು ನನ್ನ ಸೀರೆ ಹಿಡಿದಳು.

ಸೀರೆ ಅವಳ ಕೈಯಿಂದ ಬಿಡಿಸಿಕೊಂಡೆ.

"ಇರ್ಲಿ ಬಿಡವಾ," ಎಂದೆ. "ಕೊಟ್ಟವರು ಕೊಟ್ಟಾರ."